ಹನ್ನೊಂದು ಸಾವಿರ ಮೈಲಿಗಳ ಒಂಟಿ ಪಯಣ: ವೈಮಾನಿಕೆ ಏಮಿ ಜಾನ್ಸನ್

ಲಂಡನ್ ನಗರಕ್ಕೂ ಆಸ್ಟ್ರೇಲಿಯಾ ಖಂಡದ ಉತ್ತರ ತೀರದಲ್ಲಿರುವ ಡಾರ್ವಿನ್ ಪಟ್ಟಣಕ್ಕೂ ನಡುವೆ ಇರುವ ಅಂತರವೆಷ್ಟೆಂದು ಕೇಳಿದರೆ, ಭೂಗೋಳದ ಮೇಲೆ ದಾರವಿಟ್ಟು ಅಳೆಯುವ ವಿದ್ಯಾರ್ಥಿಯು ಸುಮಾರು ೮,೬೦೦ ಮೈಲಿಗಳೆಂದು ಉತ್ತರ ಕೊಡುವನು. ಆ ಉತ್ತರವು ಸರಿಯಾದುದೇ. ಆದರೆ ಆ ಅಂತರವನ್ನು ದಾಟಲು ಎಷ್ಟು ಕಾಲ ಬೇಕೆಂಬ ಪ್ರಶ್ನೆಗೆ ಮಾತ್ರ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರವು ದೊರೆತಿದೆ. ಹಡಗಿನಲ್ಲಿ ಹೋಗುತ್ತಿದ್ದವರಿಗೆ ಒಂದು ತಿಂಗಳಿಗೂ ಮೇಲ್ಪಟ್ಟು ಬೇಕಾಗಿತ್ತು. ೧೯೧೯ನೆಯ ಇಸವಿಯಲ್ಲಿ ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಎಂಬ ಸಹೋದರರು ತಮ್ಮ ಇಬ್ಬರು ಯಂತ್ರಕುಶಲರೊಡನೆ ೨೮ ದಿನಗಳಲ್ಲಿ ವಿಮಾನದ ಮೂಲಕ ಅದನ್ನು ಕ್ರಮಿಸಿ ಹತ್ತು ಸಾವಿರ ಪೌಂಡುಗಳ ಬಹುಮಾನವನ್ನು ಪಡೆದರು. ೧೯೨೮ರಲ್ಲಿ ಬರ್ಟ್ ಹಿಂಕ್ಲರ್ ಎಂಬಾತನು ಒಬ್ಬಂಟಿಗನಾಗಿ ಹದಿನೈದೂವರೆ ದಿನಗಳಲ್ಲಿ ಹೋಗಿ ಸೇರಿದನು. ೧೯೩೦ರಲ್ಲಿ ಇಪ್ಪತ್ತಾರು ವರ್ಷದ ಒಬ್ಬ ತರುಣಿಯು ಅದೇ ದಾರಿಗೆ ಹತ್ತೊಂಬತ್ತೂವರೆ ದಿನಗಳನ್ನು ತೆಗೆದುಕೊಂಡಳು. ಆಕೆಯೇ ಏಮಿ ಜಾನ್ಸನ್.

ಈ ಲೆಕ್ಕವನ್ನು ನೋಡಿದ ವಾಚಕರಿಗೆ ಒಂದು ಸಂದೇಹವು ಸಹಜವಾಗಿಯೇ ಹುಟ್ಟುವುದು. ಆ ದಾರಿಯಲ್ಲಿ ಆಕೆ ಮೊದಲಿಗಳೂ ಅಲ್ಲ, ಅತ್ಯಂತ ವೇಗವಾಗಿ ಹೋದವಳೂ ಅಲ್ಲ. ಹಿಂಕ್ಲರನ ದಾಖಲೆಯನ್ನು ಮುರಿಯಬೇಕೆಂದು ಹೊರಟು ನಾಲ್ಕು ದಿನಗಳಷ್ಟು ಹಿಂದೆ ಬಿದ್ದವಳು. ಹೀಗಿರಲು ಗೆದ್ದವರ ಹೆಸರುಗಳು ಜನರ ನೆನಪಿನಿಂದ ಮಾಸಿದ ಮೇಲೂ ಸೋತ ಈಕೆಯ ಹೆಸರು ಏಕೆ ಉಳಿಯಿತು? ಆಕೆಯ ಜೀವನವನ್ನು ಮೊದಲಿನಿಂದ ಕಡೆಯವರೆಗೆ ನೋಡಿದವರಿಗೆ ಇದಕ್ಕೆ ಉತ್ತರವು ದೊರೆಯದಿರದು.

ಏಮಿ ಜಾನ್ಸನ್ ೧೯೦೩ನೆಯ ಇಸವಿ ಜುಲೈ ೧ನೆಯ ತಾರೀಖಿನಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹಲ್ ಎಂಬ ರೇವುಪಟ್ಟಣದಲ್ಲಿ ಜನಿಸಿದಳು. ತಂದೆ ಮೀನಿನ ವ್ಯಾಪಾರಿ; ಅನುಕೂಲಸ್ಥ ಕುಟುಂಬ. ನಾಲ್ವರು ಹೆಣ್ಣುಮಕ್ಕಳಲ್ಲಿ ಈಕೆಯೇ ಹಿರಿಯಳು. ಷೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ ಪದವೀಧರೆಯಾದಳು. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿಯೂ ಪದವಿ ಪಡೆದ ಹೆಣ್ಣಿಗೆ ತೆರೆದಿದ್ದ ಬಾಗಿಲುಗಳು ಬಹಳವೇನೂ ಇರಲಿಲ್ಲ. ಆಕೆ ಲಂಡನ್ನಿಗೆ ಬಂದು ಒಬ್ಬ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಸೇರಿ, ಟೈಪು ಮಾಡುತ್ತ, ಪತ್ರಗಳನ್ನು ಬರೆದುಕೊಳ್ಳುತ್ತ ದಿನಗಳನ್ನು ಕಳೆಯುತ್ತಿದ್ದಳು. ಜೀವನವು ಹೀಗೆಯೇ ಸಾಗಿ ಮುಗಿದುಹೋಗಿದ್ದರೆ ಆಶ್ಚರ್ಯಪಡುವವರು ಯಾರೂ ಇರುತ್ತಿರಲಿಲ್ಲ.

೧೯೨೮ರಲ್ಲಿ ಆಕೆ ಲಂಡನ್ನಿನ ಹೊರವಲಯದಲ್ಲಿದ್ದ ಸ್ಟಾಗ್ ಲೇನ್ ವಿಮಾನನಿಲ್ದಾಣದ ವೈಮಾನಿಕ ಸಂಘವನ್ನು ಸೇರಿದಳು. ವಿಮಾನವಿದ್ಯೆಯು ಆಕೆಗೆ ಸುಲಭವಾಗಿ ಒಲಿಯಲಿಲ್ಲ. ಇತರರು ಸುಮಾರು ಹತ್ತು ಗಂಟೆಗಳ ಶಿಕ್ಷಣದಲ್ಲಿಯೇ ಒಂಟಿಯಾಗಿ ಹಾರುವ ಯೋಗ್ಯತೆಯನ್ನು ಪಡೆಯುತ್ತಿದ್ದರೆ, ಈಕೆಗೆ ಹದಿನೈದು ಗಂಟೆಗಳಿಗೂ ಹೆಚ್ಚು ಬೇಕಾಯಿತು. ಇಳಿಯುವಾಗ ವಿಮಾನವನ್ನು ನೆಲಕ್ಕೆ ಕುಕ್ಕುವ ದೋಷವು ಆಕೆಯನ್ನು ಬಹುಕಾಲ ಬಿಡಲಿಲ್ಲ. ೧೯೨೯ರ ಜುಲೈ ತಿಂಗಳಿನಲ್ಲಿ ಹಾರಾಟದ ಪರವಾನೆಯೇನೋ ದೊರೆಯಿತು. ಆದರೆ ಆಕೆಯ ಭವಿಷ್ಯವನ್ನು ನಿರ್ಧರಿಸಿದುದು ಆ ಪರವಾನೆಗಿಂತಲೂ ಹೆಚ್ಚಾಗಿ ಆಕೆ ವಿಮಾನದ ಕೊಟ್ಟಿಗೆಯಲ್ಲಿ ಕಳೆದ ಮುಂಜಾವುಗಳು. ಕಚೇರಿಗೆ ಹೋಗುವ ಮೊದಲು ಮತ್ತು ಕೆಲಸವನ್ನು ಬಿಟ್ಟ ಮೇಲೆ ದಿನವಿಡೀ, ಸಂಘದ ಮುಖ್ಯ ಯಂತ್ರಕುಶಲನಾದ ಜ್ಯಾಕ್ ಹಂಫ್ರೀಸನ ಕೈಕೆಳಗೆ, ಎಣ್ಣೆ ಮೆತ್ತಿದ ಉಡುಪಿನಲ್ಲಿ ಆಕೆ ಇಂಜಿನುಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತಳು. ಗಂಡಸರದೇ ಆಗಿದ್ದ ಆ ಕೊಟ್ಟಿಗೆಯಲ್ಲಿ ನಗೆಚಾಟಿಕೆಗಳನ್ನು ಸಹಿಸಿ ನಿಂತು, ವಿಮಾನವನ್ನು ದುರಸ್ತು ಮಾಡುವ ಅಧಿಕಾರಪತ್ರವನ್ನು ಬ್ರಿಟನ್ನಿನಲ್ಲಿ ಪಡೆದ ಮೊದಲನೆಯ ಹೆಂಗಸೆನಿಸಿದಳು.

ಆಸ್ಟ್ರೇಲಿಯಾಕ್ಕೆ ಹಾರುವೆನೆಂದು ಆಕೆ ಹೇಳಿದಾಗ ಅದನ್ನು ನಂಬಿದವರು ಕೆಲವರೇ. ಅಲ್ಲಿಯವರೆಗೆ ಆಕೆ ಹಾರಿದ್ದ ಅತಿ ದೂರದ ದಾರಿಯೆಂದರೆ ಲಂಡನ್ನಿನಿಂದ ತವರೂರಾದ ಹಲ್ ಪಟ್ಟಣಕ್ಕೆ, ಇನ್ನೂರು ಮೈಲಿಗಳಿಗೂ ಕಡಮೆ. ಒಟ್ಟು ಹಾರಾಟದ ಅನುಭವವು ನೂರು ಗಂಟೆಗಳನ್ನೂ ಮುಟ್ಟಿರಲಿಲ್ಲ. ಬ್ರಿಟಿಷ್ ನಾಗರಿಕ ವಿಮಾನಖಾತೆಯ ಮುಖ್ಯಸ್ಥರಾಗಿದ್ದ ಸರ್ ಸೆಫ್ಟನ್ ಬ್ರ್ಯಾಂಕರರ ಶಿಫಾರಸಿನಿಂದ, ತೈಲ ವರ್ತಕರಾದ ವೇಕ್‌ಫೀಲ್ಡ್ ಪ್ರಭುಗಳು ಸಹಾಯಕ್ಕೆ ಮುಂದಾದರು. ತಂದೆಯೂ ತನ್ನ ಪಾಲನ್ನು ಕೊಟ್ಟನು. ಈ ಹಣದಿಂದ ಆರು ನೂರು ಪೌಂಡುಗಳಿಗೆ ಒಂದು ಹಳೆಯ ಜಿಪ್ಸಿ ಮಾತ್ ವಿಮಾನವನ್ನು ಕೊಂಡಳು. ತಂದೆಯ ಮೀನಿನ ವ್ಯಾಪಾರದ ಮುದ್ರೆಯ ಹೆಸರಾದ ಜೇಸನ್ ಎಂಬುದನ್ನೇ ಅದಕ್ಕೂ ಇಟ್ಟಳು. ಮರದ ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದು ಮಾಡಿದ ಎರಡು ಜೊತೆ ರೆಕ್ಕೆಗಳ ಆ ವಿಮಾನಕ್ಕೆ ಮೇಲ್ಮುಚ್ಚಳವಿರಲಿಲ್ಲ, ನಿಸ್ತಂತುವಾರ್ತಾಯಂತ್ರವಿರಲಿಲ್ಲ. ಗಂಟೆಗೆ ಸುಮಾರು ಎಂಬತ್ತೈದು ಮೈಲಿಗಳು ಅದರ ವೇಗ. ಹೊರಮೈಗೆ ಒಂದು ಹೆಚ್ಚಿನ ಪ್ರೊಪೆಲ್ಲರನ್ನು ಕಟ್ಟಿಕೊಂಡು ಆಕೆ ಹೊರಟಳು.

ಇಲ್ಲಿ ಅಂತರವು ಕಾಲವಾಗಿ ಮಾರ್ಪಡುವ ಬಗೆಯನ್ನು ಸ್ವಲ್ಪ ವಿಚಾರಿಸುವುದು ಯುಕ್ತವು. ಇಂಧನವು ಮುಗಿಯುವುದರೊಳಗಾಗಿ ಇಳಿಯಲು ಒಂದು ಬಯಲು ಬೇಕು. ಕಡಲನ್ನೂ ಪರ್ವತವನ್ನೂ ಕಿರಿದಾದೆಡೆಯಲ್ಲಿ ದಾಟಬೇಕು. ಆದಕಾರಣ ೮,೬೦೦ ಮೈಲಿಗಳ ನೇರವಾದ ದಾರಿಯು ವೈಮಾನಿಕರ ಪಾಲಿಗೆ ೧೧,೦೦೦ ಮೈಲಿಗಳಷ್ಟು ಬೆಳೆಯುತ್ತಿತ್ತು. ಆ ದೂರವನ್ನು ಗಂಟೆಗೆ ಎಂಬತ್ತೈದು ಮೈಲಿಗಳಂತೆ ಭಾಗಿಸಿದರೆ ನೂರ ಮೂವತ್ತು ಗಂಟೆಗಳು, ಎಂದರೆ ಐದೂವರೆ ದಿನಗಳಾಗುವುವು. ಹೀಗಾಗಿ ಹತ್ತೊಂಬತ್ತೂವರೆ ದಿನಗಳಲ್ಲಿ ಆಕೆ ಗಗನದಲ್ಲಿ ಕಳೆದುದು ನಾಲ್ಕನೆಯ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು ಕಾಲವನ್ನು ಮಾತ್ರ. ಉಳಿದುದೆಲ್ಲವೂ ನೆಲದ ಮೇಲಿನ ಲೆಕ್ಕ. ಇಂಧನವನ್ನು ಸೋಸಿ ತುಂಬುವುದು, ಇಂಜಿನನ್ನು ಪರೀಕ್ಷಿಸುವುದು, ಮುರಿದುದನ್ನು ಕಟ್ಟುವುದು, ಮೂರು ನಾಲ್ಕು ಗಂಟೆಗಳ ನಿದ್ರೆ, ಬೆಳಕಿಗಾಗಿ ಕಾಯುವಿಕೆ. ಪೂರ್ವಾಭಿಮುಖವಾಗಿ ಹೋಗುವವರಿಗೆ ಸೂರ್ಯನು ದಿನದಿನವೂ ಸುಮಾರು ಅರ್ಧ ಗಂಟೆಯಷ್ಟು ಬೇಗನೆ ಅಸ್ತಮಿಸುವುದರಿಂದ ಹಗಲೂ ಕುಗ್ಗುತ್ತಿತ್ತು. ಎರಡು ನಗರಗಳ ನಡುವಿನ ಕಾಲವು ಆಗ ನಿರ್ಧಾರವಾಗುತ್ತಿದ್ದುದು ಬಹುಮಟ್ಟಿಗೆ ನೆಲದ ಮೇಲೆಯೇ.

೧೯೩೦ನೆಯ ಇಸವಿ ಮೇ ೫ನೆಯ ತಾರೀಖಿನ ಬೆಳಿಗ್ಗೆ ಆಕೆ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಹೊರಟಾಗ ಬೀಳ್ಕೊಡಲು ಬಂದವರು ತಂದೆಯೂ ಕೆಲವೇ ಸ್ನೇಹಿತರೂ ಮಾತ್ರ. ಮೊದಲನೆಯ ರಾತ್ರಿ ವಿಯೆನ್ನಾದಲ್ಲಿ, ಎರಡನೆಯದು ಕಾನ್‌ಸ್ಟಾಂಟಿನೋಪಲಿನಲ್ಲಿ. ಟಾರಸ್ ಪರ್ವತಶ್ರೇಣಿಯ ಕಣಿವೆಗಳಲ್ಲಿ ಮೋಡವು ಕವಿದು, ಬಂಡೆಗಳಿಗೆ ಮೈ ತಗಲುವಷ್ಟು ಸಮೀಪದಲ್ಲಿ ಹಾದು ಅಲೆಪ್ಪೊ ನಗರವನ್ನು ಸೇರಿದಳು. ಅಲ್ಲಿಂದ ಬಾಗ್ದಾದಿಗೆ ಹೋಗುವಾಗ ಮರಳಿನ ಬಿರುಗಾಳಿಗೆ ಸಿಕ್ಕಿ ಕಣ್ಣು ಕಾಣದೆ ಮರುಭೂಮಿಯಲ್ಲಿಯೇ ಇಳಿಯಬೇಕಾಯಿತು. ವಿಮಾನವು ಗಾಳಿಗೆ ಮಗುಚಿಕೊಳ್ಳದಂತೆ ಸಾಮಾನುಗಳನ್ನು ಚಕ್ರಗಳಿಗೆ ಒಡ್ಡಿ, ಇಂಜಿನಿನ ಮೇಲೆ ಬಟ್ಟೆಯನ್ನು ಹೊದಿಸಿ, ಪಿಸ್ತೂಲನ್ನು ಕೈಯಲ್ಲಿ ಹಿಡಿದು ಆಕೆ ಗಾಳಿಯಡಗುವವರೆಗೆ ಒಬ್ಬಳೇ ಕಾದಳು. ಬಾಗ್ದಾದಿನಲ್ಲಿ ಇಳಿಯುವಾಗ ಚಕ್ರವನ್ನು ಹಿಡಿದ ಕಂಬಿಯು ಮುರಿಯಿತು, ರಾತ್ರಿಯೇ ದುರಸ್ತಾಯಿತು. ಮರುದಿನ ಬಂದರ್ ಅಬ್ಬಾಸ್. ಅದರ ಮರುದಿನ, ಮೇ ೧೦ರಂದು, ಕರಾಚಿ. ಹಿಂಕ್ಲರನಿಗಿಂತ ಎರಡು ದಿನ ಮೊದಲೇ, ಆರೇ ದಿನಗಳಲ್ಲಿ ಆಕೆ ಹಿಂದೂಸ್ಥಾನದ ನೆಲವನ್ನು ಮುಟ್ಟಿದ್ದಳು. ಅದುವರೆಗೆ ಆಕೆಯನ್ನು ಅಲಕ್ಷಿಸಿದ್ದ ಲಂಡನ್ನಿನ ಪತ್ರಿಕೆಗಳು ಆಗ ಎಚ್ಚೆತ್ತವು.

ಆಕೆ ಕ್ರಾಯ್ಡನ್ನನ್ನು ಬಿಟ್ಟ ದಿನವನ್ನು ನಮ್ಮ ದೇಶವು ಬೇರೊಂದು ಕಾರಣದಿಂದ ಮರೆಯಲಾರದು. ಮೇ ೪ ಮತ್ತು ೫ರ ನಡುವಿನ ಮಧ್ಯರಾತ್ರಿಯ ಬಳಿಕ ದಂಡಿಯ ಸಮೀಪದ ಕರಾಡಿಯಲ್ಲಿ ಮಹಾತ್ಮಾ ಗಾಂಧಿಯವರ ಬಂಧನವಾಗಿತ್ತು. ಉಪ್ಪಿನ ಸತ್ಯಾಗ್ರಹವು ದೇಶವನ್ನೆಲ್ಲ ಆವರಿಸಿತ್ತು. ಕನ್ನಡನಾಡಿನ ಅಂಕೋಲೆಯ ಕಡಲತೀರದಲ್ಲಿ ಹಿಂದಿನ ತಿಂಗಳೇ ಕಾನೂನುಭಂಗವು ನಡೆದಿತ್ತು. ಆಕೆ ಹಾರಿ ಬಂದುದು ಇಂಥ ದೇಶದ ಮೇಲೆ. ಇದೂ ಅಲ್ಲದೆ, ಅದೇ ಮೇ ತಿಂಗಳಿನಲ್ಲಿ ಭಾರತೀಯ ತರುಣರೂ ಅದೇ ಗಗನಮಾರ್ಗದಲ್ಲಿದ್ದರು. ಇಂಗ್ಲೆಂಡಿಗೂ ಹಿಂದೂಸ್ಥಾನಕ್ಕೂ ನಡುವೆ ಒಂಟಿಯಾಗಿ ಹಾರುವ ಮೊದಲನೆಯ ಭಾರತೀಯನಿಗೆ ಆಗಾ ಖಾನರು ಘೋಷಿಸಿದ್ದ ಬಹುಮಾನಕ್ಕಾಗಿ ಜೆ. ಆರ್. ಡಿ. ಟಾಟಾ, ಮನಮೋಹನ ಸಿಂಗ್ ಮತ್ತು ಹದಿನೇಳು ವರ್ಷದ ಆಸ್ಪಿ ಇಂಜಿನಿಯರ್ ಇವರು ಸ್ಪರ್ಧಿಸಿದ್ದರು; ಗೆದ್ದವನು ಆಸ್ಪಿ. ಮುಂದೆ ಸ್ವತಂತ್ರ ಭಾರತದ ವಾಯುಸೇನೆಗೆ ಅಧಿಪತಿಯಾದವನು ಈತನೇ.

ಕರಾಚಿಯಿಂದ ಅಲಹಾಬಾದಿಗೆ ಹೊರಟ ಏಮಿಗೆ ಎದುರುಗಾಳಿಯಿಂದ ಇಂಧನವು ಸಾಲದಾಯಿತು. ಝಾನ್ಸಿಯಲ್ಲಿ ಸೈನಿಕರ ಕವಾಯತು ಮೈದಾನವನ್ನು ಕಂಡು ಇಳಿದಳು. ಸೈನಿಕರು ದಿಕ್ಕಾಪಾಲಾಗಿ ಓಡಿದರು, ವಿಮಾನವು ಉರುಳುತ್ತ ಹೋಗಿ ಕಟ್ಟಡಗಳ ನಡುವೆ ಸಿಕ್ಕಿಕೊಂಡಿತು, ರೆಕ್ಕೆಯು ಮುರಿಯಿತು. ಅಲ್ಲಿಯ ಬಡಗಿಯೊಬ್ಬನು ರೆಕ್ಕೆಯ ಮರವನ್ನು ಜೋಡಿಸಿಕೊಟ್ಟನು, ದರ್ಜಿಯು ಹರಿದ ಬಟ್ಟೆಯನ್ನು ಹೊಲಿದನು. ಮರುದಿನ ಅಲಹಾಬಾದನ್ನು ಹಾದು ಆಕೆ ಕಲ್ಕತ್ತೆಯನ್ನು ಮುಟ್ಟಿದಳು. ಲಕ್ಷ್ಮೀಬಾಯಿಯ ಊರಿನ ಆ ಇಬ್ಬರು ಕುಶಲಕರ್ಮಿಗಳ ಹೆಸರುಗಳನ್ನು ಲೋಕವು ಅರಿಯದು. ಆದರೆ ಅವರು ತಮ್ಮ ಕೆಲಸವನ್ನು ರಾತ್ರಿಯೊಳಗೆ ಮುಗಿಸದೆ ಇದ್ದಿದ್ದರೆ ಲಂಡನ್ನಿಗೂ ಡಾರ್ವಿನ್ನಿಗೂ ನಡುವಿನ ಕಾಲವು ಇನ್ನೂ ಎಷ್ಟೋ ದಿನ ಬೆಳೆಯುತ್ತಿತ್ತು.

ಕಲ್ಕತ್ತೆಯಿಂದ ರಂಗೂನಿಗೆ ಹೋಗುವಾಗ ಮಳೆಮೋಡಗಳು ಎದುರಾದವು. ರಂಗೂನಿನ ಕುದುರೆಯೋಟದ ಮೈದಾನದಲ್ಲಿ ಇಳಿಯಬೇಕಾಗಿದ್ದವಳು ಅದನ್ನು ಕಾಣದೆ, ಕೆಲವು ಮೈಲಿಗಳಾಚೆ ಇನ್‌ಸೀನ್ ಎಂಬಲ್ಲಿಯ ಒಂದು ಶಿಲ್ಪಶಾಲೆಯ ಆಟದ ಬಯಲಿನಲ್ಲಿ ಇಳಿದಳು. ವಿಮಾನವು ಬಯಲಿನ ಅಂಚನ್ನು ಮೀರಿ ಹಳ್ಳಕ್ಕೆ ಬಿದ್ದಿತು. ಪ್ರೊಪೆಲ್ಲರು ಮುರಿಯಿತು, ಚಕ್ರಗಳ ಕಂಬಿಗಳು ಬಾಗಿದವು, ರೆಕ್ಕೆಯು ಹರಿಯಿತು. ಅಲ್ಲಿಗೆ ಪ್ರಯಾಣವೇ ಮುಗಿಯಿತೆಂದು ಯಾರಾದರೂ ಭಾವಿಸಬಹುದಾಗಿತ್ತು. ಆದರೆ ಶಾಲೆಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಆ ಮುರುಕನ್ನು ತಮ್ಮ ಪಾಠವನ್ನಾಗಿ ಮಾಡಿಕೊಂಡರು. ರೆಕ್ಕೆಗೆ ಹೊದಿಸಲು ತಕ್ಕ ಬಟ್ಟೆಯು ಊರಿನಲ್ಲಿ ಇರಲಿಲ್ಲ. ಯುದ್ಧಕಾಲದಲ್ಲಿ ಉಳಿದ ವಿಮಾನದ ಬಟ್ಟೆಯನ್ನು ಕೊಂಡು ಯಾರೋ ಅಂಗಿಗಳನ್ನು ಹೊಲಿಸಿದ್ದುದು ನೆನಪಿಗೆ ಬಂದಿತು. ಆ ಅಂಗಿಗಳನ್ನೇ ಬಿಚ್ಚಿ ರೆಕ್ಕೆಗೆ ತೇಪೆ ಹಾಕಿದರು. ಬಟ್ಟೆಯನ್ನು ಬಿಗಿಗೊಳಿಸುವ ಲೇಪವನ್ನು ಊರಿನ ಔಷಧದಂಗಡಿಯಲ್ಲಿ ಕಲಸಿದರು. ಆಕೆ ಕ್ರಾಯ್ಡನ್ನಿನಿಂದ ಕಟ್ಟಿ ತಂದಿದ್ದ ಹೆಚ್ಚಿನ ಪ್ರೊಪೆಲ್ಲರು ಈಗ ಉಪಯೋಗಕ್ಕೆ ಬಂದಿತು. ಮೇ ೧೩ರಂದು ಬಿದ್ದ ವಿಮಾನವು ೧೬ರಂದು ಮತ್ತೆ ಮೇಲೆದ್ದಿತು. ದಾಖಲೆಯ ಆಸೆಯು ಅಲ್ಲಿಯೇ ಕೈಬಿಟ್ಟುಹೋಗಿತ್ತು.

ಅಲ್ಲಿಂದ ಮುಂದೆ ಬ್ಯಾಂಕಾಕ್, ಸಿಂಗೋರಾ, ಸಿಂಗಪುರ. ಜಾವಾ ದ್ವೀಪದಲ್ಲಿ ಇಂಧನದ ಕೊರತೆಯಿಂದ ಒಂದು ಸಕ್ಕರೆಯ ತೋಟದ ಬಯಲಿನಲ್ಲಿ ಇಳಿದಾಗ ನೆಟ್ಟ ಬಿದಿರುಗೂಟಗಳು ರೆಕ್ಕೆಯನ್ನು ತೂತುಮಾಡಿದವು. ಗಾಯಕ್ಕೆ ಹಾಕುವ ಅಂಟುಪಟ್ಟಿಗಳಿಂದ ಆ ತೂತುಗಳನ್ನು ಮುಚ್ಚಿದಳು. ಟಿಮೋರ್ ದ್ವೀಪದಲ್ಲಿ ಕತ್ತಲೆಯು ಕವಿಯುವಾಗ ಗುರಿ ತಪ್ಪಿ, ಹುತ್ತಗಳ ನಡುವಿನ ಒಂದು ಹೊಲದಲ್ಲಿ ಇಳಿದಳು. ಸುದ್ದಿಯಿಲ್ಲದ ಆ ರಾತ್ರಿ, ಕಾಯುತ್ತಿದ್ದ ಲೋಕವು ಆಕೆ ಸಮುದ್ರದ ಪಾಲಾದಳೆಂದೇ ಶಂಕಿಸಿತು. ಆಕೆಯೋ ಹಳ್ಳಿಗರ ಆಶ್ರಯದಲ್ಲಿ ಸಮೀಪದ ಇಗರ್ಜಿಯಲ್ಲಿ ವಿಶ್ರಮಿಸುತ್ತಿದ್ದಳು. ಕಡೆಯದಾಗಿ ಐದು ನೂರು ಮೈಲಿಗಳ ಟಿಮೋರ್ ಸಮುದ್ರವನ್ನು ಒಂದೇ ಇಂಜಿನನ್ನು ನಂಬಿ ದಾಟಿ, ಮೇ ೨೪ರ ಮಧ್ಯಾಹ್ನದ ಬಳಿಕ ಡಾರ್ವಿನ್ನಿನಲ್ಲಿ ಇಳಿದಳು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಮೊದಲನೆಯ ಹೆಂಗಸು ಈಕೆ.

ಅಂದು ಸಾಮ್ರಾಜ್ಯದಿನವಾಗಿದ್ದುದರಿಂದ ಸಾಮ್ರಾಜ್ಯಾಭಿಮಾನಿಗಳು ಈ ವಿಜಯವನ್ನು ತಮ್ಮ ಪತಾಕೆಗೆ ಕಟ್ಟಿಕೊಂಡರು. ದೊರೆಯು ಬಿರುದನ್ನು ಕೊಟ್ಟನು. ಒಂದು ಪತ್ರಿಕೆಯು ಹತ್ತು ಸಾವಿರ ಪೌಂಡುಗಳನ್ನು ಕೊಟ್ಟಿತು. ಆಕೆಯ ಮೇಲೆ ಹಾಡುಗಳು ಹುಟ್ಟಿದವು. ಆದರೆ ಆ ದಾರಿಯ ಚರಿತ್ರೆಯನ್ನು ನಿಷ್ಪಕ್ಷಪಾತವಾಗಿ ಓದಿದವರಿಗೆ ಕಾಣುವುದು ಸಾಮ್ರಾಜ್ಯದ ಮಹಿಮೆಯಲ್ಲ. ಝಾನ್ಸಿಯ ಬಡಗಿ, ಇನ್‌ಸೀನಿನ ವಿದ್ಯಾರ್ಥಿ, ಟಿಮೋರಿನ ಹಳ್ಳಿಗ ಇವರ ಔದಾರ್ಯ; ಮತ್ತು ತನ್ನ ಯಂತ್ರದ ಒಂದೊಂದು ಕೀಲನ್ನೂ ಅರಿತಿದ್ದ ಒಬ್ಬ ಹೆಣ್ಣುಮಗಳ ಕೈಗಾರಿಕೆ. ಹಿಂಕ್ಲರನು ನುರಿತ ವೈಮಾನಿಕ. ಹದಿನೈದೂವರೆ ದಿನಗಳು ಅವನ ನೈಪುಣ್ಯದ ಅಳತೆ. ಏಮಿ ಕಳೆದುಕೊಂಡ ನಾಲ್ಕು ದಿನಗಳು ಬೇರೊಂದು ವಿಷಯವನ್ನು ಲೋಕಕ್ಕೆ ತೋರಿಸಿಕೊಟ್ಟವು. ಅಸಾಧಾರಣ ಶಕ್ತಿಯಿಲ್ಲದವರೂ, ಇಳಿಯುವುದರಲ್ಲಿ ತಪ್ಪುವವರೂ, ಮುರಿದುದನ್ನು ಕಟ್ಟಬಲ್ಲವರಾದರೆ ಭೂಮಿಯ ಮತ್ತೊಂದು ತುದಿಯನ್ನು ಸೇರಬಲ್ಲರು. ಟೈಪು ಮಾಡುವ ಸಾವಿರಾರು ಹುಡುಗಿಯರು ಆಕೆಯಲ್ಲಿ ತಮ್ಮನ್ನು ಕಂಡುದು ಇದರಿಂದಲೇ.

ಕೀರ್ತಿಯು ಆಕೆಗೆ ಸುಖವನ್ನು ತರಲಿಲ್ಲ. ಡಾರ್ವಿನ್ನಿನಿಂದ ಮುಂದೆ ಬ್ರಿಸ್ಬೇನಿನಲ್ಲಿ ಇಳಿಯುವಾಗ ಬಳಲಿಕೆಯಿಂದ ಗುರಿ ತಪ್ಪಿ ವಿಮಾನವು ಮಗುಚಿತು; ಸ್ವಾಗತ ಸಮಾರಂಭಗಳ ಭಾರದಿಂದ ಆಕೆಯ ದೇಹವೂ ಮನಸ್ಸೂ ಕುಸಿದವು. ಆದರೂ ಹಾರಾಟವನ್ನು ಬಿಡಲಿಲ್ಲ. ೧೯೩೧ರಲ್ಲಿ ಗುರುವಾದ ಹಂಫ್ರೀಸನೊಡನೆ ಮಾಸ್ಕೋ ಮಾರ್ಗವಾಗಿ ಸುಮಾರು ಹತ್ತು ದಿನಗಳಲ್ಲಿ ಟೋಕಿಯೋವನ್ನು ಮುಟ್ಟಿದಳು. ೧೯೩೨ರಲ್ಲಿ ವೈಮಾನಿಕನಾದ ಜಿಮ್ ಮಾಲಿಸನ್ನನನ್ನು ವರಿಸಿ, ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನಿಂದ ಕೇಪ್‌ಟೌನಿಗೆ ೪ ದಿನ ೬ ಗಂಟೆ ೫೪ ನಿಮಿಷಗಳಲ್ಲಿ ಹಾರಿ ಪತಿಯ ದಾಖಲೆಯನ್ನೇ ಸುಮಾರು ಹತ್ತು ಗಂಟೆಗಳಷ್ಟು ಹಿಂದಕ್ಕೆ ಹಾಕಿದಳು. ೧೯೩೩ರಲ್ಲಿ ದಂಪತಿಗಳು ವೇಲ್ಸಿನಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕಿಗೆ ಹೊರಟರು. ಗುರಿಯು ಹತ್ತಿರವಿರುವಾಗಲೇ ಇಂಧನವು ತೀರಿ ಕನೆಕ್ಟಿಕಟ್ಟಿನಲ್ಲಿ ಬಿದ್ದು ಗಾಯಗೊಂಡರು. ೧೯೩೪ರ ಮೆಲ್ಬರ್ನ್ ಪಂದ್ಯದಲ್ಲಿ ಇಪ್ಪತ್ತೆರಡು ಗಂಟೆಗಳಲ್ಲಿ ಕರಾಚಿಗೆ ಬಂದರು. ನಾಲ್ಕು ವರ್ಷಗಳ ಹಿಂದೆ ಆರು ದಿನಗಳ ದಾರಿಯಾಗಿದ್ದುದು ಈಗ ಒಂದು ದಿನಕ್ಕೂ ಕಡಮೆ. ಆದರೆ ಅಲಹಾಬಾದಿನಲ್ಲಿ ಇಂಜಿನು ಕೆಟ್ಟು ಪಂದ್ಯವನ್ನು ಬಿಡಬೇಕಾಯಿತು. ಆ ಪಂದ್ಯವನ್ನು ಗೆದ್ದ ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲ್ಯಾಕ್ ಇವರು ಡಾರ್ವಿನ್ನನ್ನು ಸೇರಲು ತೆಗೆದುಕೊಂಡುದು ಎರಡು ದಿನಗಳ ಮೇಲೆ ಕೆಲವು ಗಂಟೆಗಳನ್ನು ಮಾತ್ರ. ಅದೇ ವರ್ಷ ಜೀನ್ ಬ್ಯಾಟನ್ ಎಂಬ ನ್ಯೂಜಿಲೆಂಡಿನ ತರುಣಿಯು ಒಂಟಿಯಾಗಿ ಹದಿನೈದು ದಿನಗಳೊಳಗೆ ಡಾರ್ವಿನ್ನನ್ನು ತಲಪಿ ಏಮಿಯ ಕಾಲವನ್ನು ಮೀರಿಸಿದ್ದಳು. ೧೯೩೬ರಲ್ಲಿ ಕೇಪ್‌ಟೌನಿನ ದಾಖಲೆಯನ್ನು ಮರಳಿ ಪಡೆದುದೇ ಆಕೆಯ ಕಡೆಯ ವಿಜಯ. ೧೯೩೮ರಲ್ಲಿ ವಿವಾಹವು ಮುರಿಯಿತು.

ಎರಡನೆಯ ಮಹಾಯುದ್ಧದಲ್ಲಿ ಆಕೆ, ಕಾರ್ಖಾನೆಗಳಿಂದ ವಾಯುನೆಲೆಗಳಿಗೆ ವಿಮಾನಗಳನ್ನು ಮುಟ್ಟಿಸುವ ಸಹಾಯಕ ದಳವನ್ನು ೧೯೪೦ರಲ್ಲಿ ಸೇರಿದಳು. ಕೀರ್ತಿವಂತೆಯಾದರೂ ಇತರರಂತೆಯೇ ಸಾಮಾನ್ಯ ಕೆಲಸ. ೧೯೪೧ನೆಯ ಇಸವಿ ಜನವರಿ ೫ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡಿನ ಸಮೀಪದ ಕಿಡ್ಲಿಂಗ್ಟನ್ನಿಗೆ ಒಂದು ವಿಮಾನವನ್ನು ಒಯ್ಯಬೇಕಾಗಿತ್ತು. ಅದು ಹೆಚ್ಚೆಂದರೆ ಒಂದು ಗಂಟೆಯ ಮೇಲೆ ಸ್ವಲ್ಪ ಕಾಲದ ದಾರಿ. ಚಳಿಗಾಲದ ದಟ್ಟವಾದ ಮೋಡಗಳ ಮೇಲೆ ನೆಲವನ್ನು ಕಾಣದೆ ಆಕೆ ಎಷ್ಟು ದೂರ ಅಲೆದಳೋ. ಸುಮಾರು ನಾಲ್ಕು ಗಂಟೆಗಳ ಮೇಲೆ, ದಾರಿಯಿಂದ ಬಹುದೂರದಲ್ಲಿದ್ದ ಥೇಮ್ಸ್ ನದಿಯ ಮುಖದಲ್ಲಿ ಪ್ಯಾರಾಷೂಟಿನಿಂದ ನೀರಿಗೆ ಇಳಿದಳು. ಸಮೀಪದಲ್ಲಿದ್ದ ಹ್ಯಾಸಲ್‌ಮಿಯರ್ ಎಂಬ ನೌಕೆಯವರು ರಕ್ಷಿಸಲು ಪ್ರಯತ್ನಿಸಿದರು. ಅದರ ನಾಯಕನಾದ ವಾಲ್ಟರ್ ಫ್ಲೆಚರನು ಹಿಮದಂಥ ನೀರಿಗೆ ಧುಮುಕಿ ತಾನೂ ಪ್ರಾಣವನ್ನು ಕಳೆದುಕೊಂಡನು. ಏಮಿಯ ದೇಹವು ಎಂದಿಗೂ ದೊರೆಯಲಿಲ್ಲ. ಆಕೆಗೆ ಮೂವತ್ತೇಳು ವರ್ಷ. ಹನ್ನೊಂದು ಸಾವಿರ ಮೈಲಿಗಳನ್ನು ಸುರಕ್ಷಿತವಾಗಿ ಕ್ರಮಿಸಿದವಳು ನೂರೈವತ್ತು ಮೈಲಿಗಳ ದಾರಿಯಲ್ಲಿ ಕಣ್ಮರೆಯಾದಳು.

ಆಕೆಯ ಬಳಿಕ ಆ ಗಗನಮಾರ್ಗವು ಸಾಮಾನ್ಯರ ರಾಜಮಾರ್ಗವಾಯಿತು. ೧೯೩೨ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ವಿಮಾನವನ್ನು ನಡೆಸಿದರು. ಅದು ಬಳ್ಳಾರಿಯ ಮೂಲಕ ಮದರಾಸಿನವರೆಗೆ ಮುಂದುವರಿದು, ಲಂಡನ್ನಿನ ಟಪಾಲನ್ನು ನಮ್ಮ ನಾಡಿನ ನೆಲಕ್ಕೂ ಆಕಾಶದಿಂದಲೇ ಇಳಿಸಿತು. ೧೯೩೫ರಲ್ಲಿ ಲಂಡನ್ನಿನಿಂದ ಬ್ರಿಸ್ಬೇನಿಗೆ ಪ್ರಯಾಣಿಕರು ಹನ್ನೆರಡೂವರೆ ದಿನಗಳಲ್ಲಿ ಹೋಗುವಂತಾಯಿತು. ೧೯೪೭ರಲ್ಲಿ ಸಿಡ್ನಿಯಿಂದ ಲಂಡನ್ನಿಗೆ ನಾಲ್ಕು ದಿನಗಳು ಸಾಕಾದವು. ೨೦೨೧ರ ಕೊನೆಯಿಂದ ೨೦೨೨ರ ನಡುವಿನವರೆಗೆ ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನಗಳು ಏಮಿ ಬಿಟ್ಟ ನಗರಕ್ಕೂ ಆಕೆ ಸೇರಿದ ಪಟ್ಟಣಕ್ಕೂ ನಡುವೆ ಎಲ್ಲಿಯೂ ಇಳಿಯದೆ ಸುಮಾರು ಹದಿನೇಳು ಗಂಟೆಗಳಲ್ಲಿ ಹಾರಿದವು. ಝಾನ್ಸಿಯಾಗಲಿ, ಇನ್‌ಸೀನಾಗಲಿ ಆ ಪ್ರಯಾಣಿಕರ ಕಣ್ಣಿಗೆ ಬೀಳಲಿಲ್ಲ; ಬೀಳುವ ಅವಶ್ಯಕತೆಯೂ ಇರಲಿಲ್ಲ.

ಹಸುರು ಬಣ್ಣದ ಜೇಸನ್ ವಿಮಾನವು ಈಗ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಯಂತ್ರವನ್ನು ಕೊಳ್ಳುವುದು ಹಣವಿದ್ದವರಿಗೆ ಸುಲಭ. ನಡೆಸುವುದನ್ನು ಕಲಿಯುವುದೂ ಅಸಾಧ್ಯವೇನಲ್ಲ. ಆದರೆ ಊರಿಲ್ಲದ ಬಯಲಿನಲ್ಲಿ ಅದು ಮುರಿದು ಬಿದ್ದಾಗ, ಕೈಗೆ ಸಿಕ್ಕಿದ ಮರದಿಂದಲೂ ಬಟ್ಟೆಯಿಂದಲೂ ಅದನ್ನು ಮತ್ತೆ ಎಬ್ಬಿಸಬಲ್ಲ ವಿದ್ಯೆಯು ಯಾವ ಜನಾಂಗದಲ್ಲಿರುವುದೋ ಆ ಜನಾಂಗಕ್ಕೆ ದೂರವೆಂಬುದು ಹೆದರಿಕೆಯ ವಸ್ತುವಾಗಲಾರದು. ಪದವಿಯನ್ನು ಪಡೆದ ಮೇಲೂ ಕೈಗಳಿಗೆ ಎಣ್ಣೆಯನ್ನು ಮೆತ್ತಿಕೊಳ್ಳಲು ನಾಚದಿದ್ದ ಏಮಿ ಜಾನ್ಸನ್ನಳ ಜೀವನದಿಂದ, ಕೈಕೆಲಸವನ್ನು ಕೀಳೆಂದು ಎಣಿಸುವ ಅಭ್ಯಾಸವನ್ನು ಇನ್ನೂ ಪೂರ್ತಿಯಾಗಿ ಬಿಡದ ನಮ್ಮ ವಿದ್ಯಾವಂತ ತರುಣ ತರುಣಿಯರು ಕಲಿಯಬೇಕಾದ ಪಾಠವು ಇದೇ ಆಗಿದೆ.